ಉಪ್ಪು ಹಾಕಿ ಕೊಟ್ಟದ್ದೋ, ಹಾಕದೆ ಕೊಟ್ಟದ್ದೋ

ಕಳೆದ ವಾರ ಕಾರ್ಕಳದಲ್ಲಿ ಚಿಕ್ಕಮ್ಮನ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹೋಗಿದ್ದೆ. ಬಿಸಿಲಲ್ಲಿ ಹೋದವಳಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಶುಂಠಿ, ಇಂಗಿನ ಪರಿಮಳ ಚೆನ್ನಾಗಿತ್ತು. ಒಂದು ಗುಟುಕು ಕುಡಿದದ್ದೇ ಕೆಮ್ಮು ಬಂತು. ಚಿಕ್ಕಮ್ಮ ಉಪ್ಪು ಹಾಕಿದ್ದು ತಿಳಿಯದೆ ಅಡುಗೆಯವರೂ ಹಾಕಿದ್ದರು. ಅವರೆಲ್ಲ ಪೇಚಾಡುತ್ತಿದ್ದರೆ ನಾನು ನಗುತ್ತಿದ್ದೆ. ಆ ಉಪ್ಪು ನನ್ನನ್ನು ನೇರ ಮಣಿಪಾಲದ ಹಳೆಯ ಆಫೀಸಿಗೆ, ಅಕ್ಕನ ಬಳಿಗೆ ಕರೆದುಕೊಂಡು ಹೋಗಿತ್ತು...

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಆಫೀಸಿನಲ್ಲಿ ನಮಗೆಲ್ಲ ಹಿರಿಯರು. ದಿನಾ ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಉಡುಪಿಯಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಕಂಡಕ್ಟರನ ಜೊತೆ ಒಂದು ಚರ್ಚೆ ಮುಗಿದಿರುತ್ತಿತ್ತು. ನಮ್ಮ ಆಫೀಸಿನ ಕೆಲಸ ಕಂಪ್ಯೂಟರ್ ಚಿಪ್ಪುಗಳದ್ದು. ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಅತಿವೇಗದ ಸಿಗ್ನಲ್ ಹೋಗುವಾಗ ದಾರಿಯಲ್ಲಿ ಅದರ ಆಕಾರ ಕೆಡುತ್ತದೆ. ಕಳಿಸುವ ಚಿಪ್ಪೂ ಪಡೆಯುವ ಚಿಪ್ಪೂ ಅದನ್ನು ತಿದ್ದುತ್ತವೆ. ಚಿಪ್ಪು ತಯಾರಾಗುವ ಮೊದಲೇ ಇದನ್ನೆಲ್ಲ ಕಂಪ್ಯೂಟರಿನಲ್ಲಿ ನಡೆಸಿ ನೋಡಲು ಬೇಕಾದ ಮಾಡೆಲ್ ಬರೆಯುವುದು ನಮ್ಮ ಕೆಲಸ. ಯಾರ ಸಾಫ್ಟ್‌ವೇರಿನಲ್ಲಿ ಹಾಕಿದರೂ ಮಾಡೆಲ್ ಒಂದೇ ರೀತಿ ನಡೆಯಬೇಕೆಂದು ಒಂದು ಅಂತರರಾಷ್ಟ್ರೀಯ ಮಾನದಂಡ ಉಂಟು. ಅದನ್ನು ಪರಿಷ್ಕರಿಸುವ ಸಮಿತಿಯಲ್ಲಿ ಅಕ್ಕ ಇದ್ದರು.

ನಾನು ಬರೆದ ಮೊದಲ ಮಾಡೆಲ್ ಒಂದು ಸಾಫ್ಟ್‌ವೇರಿನಲ್ಲಿ ಚಂದವಾಗಿ ನಡೆಯಿತು, ಇನ್ನೊಂದರಲ್ಲಿ ಪೂರ್ತಿ ಹದಗೆಟ್ಟಿತು. ಮಾಡೆಲೇ ತಪ್ಪು ಎಂದು ಗ್ರಾಹಕರು ಬರೆದರು. ನನ್ನ ಕೆಲಸ ಖಾಯಂ ಆಗಬೇಕಾದ ತಿಂಗಳು ಅದು. ಇನ್ನು ಮನೆಗೇ ಹೋಗಬೇಕು ಎಂದು ತಲೆಗೆ ಕೈ ಕೊಟ್ಟು ಕುಳಿತಿದ್ದೆ.

“ಎಂತ ಮಾರಾಯ್ತಿ, ಸತ್ತ ಮನೆಯವರ ಹಾಗೆ ಕೂತದ್ದು? ನಿನ್ನ ಮಾಡೆಲ್ ಸರಿ ಉಂಟು. ತಪ್ಪು ಇರುವುದು ಪುಸ್ತಕದಲ್ಲಿ,” ಅಂದರು ಅಕ್ಕ.

ಪುಸ್ತಕ ಎಂದರೆ ಆ ಮಾನದಂಡ. ಅದರ ‘ಸಿಮ್ಯುಲೇಶನ್ ಫ್ಲೋ’ ಅಧ್ಯಾಯದಲ್ಲಿ ಯಾವುದರ ನಂತರ ಯಾವುದು, ಯಾರು ಯಾರಿಗೆ ಕೊಡಬೇಕು ಎಂಬ ಕ್ರಮ ಇರುತ್ತದೆ. ಪಡೆಯುವ ಚಿಪ್ಪಿಗೆ ಸಿಗ್ನಲ್ ದಾಟಿಸಬೇಕು ಎಂದಿತ್ತು; ಕಳಿಸುವ ಚಿಪ್ಪು ತಿದ್ದಿದ ಮೇಲಿನದ್ದನ್ನೋ, ತಿದ್ದುವ ಮೊದಲಿನದ್ದನ್ನೋ ಎಂದು ಹೇಳಿರಲಿಲ್ಲ. ಸಾಫ್ಟ್‌ವೇರ್ ಮಾಡುವವರು ತಮತಮಗೆ ತೋಚಿದ ಹಾಗೆ ಓದಿಕೊಂಡಿದ್ದರು.

ಅಂದು ಸಂಜೆ ಸಮಿತಿಯ ವಿಡಿಯೋ ಸಭೆ. ಅಕ್ಕ ಒಂದು ಜಗ್ಗು ಸಪ್ಪೆ ಮಜ್ಜಿಗೆಯನ್ನೂ ಉಪ್ಪಿನ ಡಬ್ಬಿಯನ್ನೂ ಕ್ಯಾಮೆರಾದ ಮುಂದೆ ಇಟ್ಟರು. ನಾನು ಕಳಿಸುವ ಚಿಪ್ಪು, ಪಕ್ಕದ ಕುರ್ಚಿಯ ಸಹೋದ್ಯೋಗಿ ಪಡೆಯುವ ಚಿಪ್ಪು, ತಿದ್ದುವುದೆಂದರೆ ಉಪ್ಪು ಹಾಕುವುದು, ನಡುವೆ ಅಕ್ಕನೇ ಸಾಫ್ಟ್‌ವೇರ್. ಮಾನದಂಡದ ಸಾಲನ್ನು ಗಟ್ಟಿಯಾಗಿ ಓದಿದರು. ನಾನು ಉಪ್ಪು ಹಾಕಿ ಕೊಟ್ಟೆ, ಅಕ್ಕ ದಾಟಿಸಿದರು, ಅವನು ಕುಡಿದ. ಹದವಾಗಿತ್ತು. ಎರಡನೇ ಲೋಟಕ್ಕೂ ಅದೇ ಸಾಲು ಓದಿದರು. ನಾನು ಉಪ್ಪು ಹಾಕಿ ಕೊಟ್ಟದ್ದನ್ನು ಅಕ್ಕ ಸಪ್ಪೆ ಎಂದೇ ಎಣಿಸಿ, ಇನ್ನೊಂದು ಚಮಚ ಹಾಕಿ ದಾಟಿಸಿದರು. ಕುಡಿದವನ ಮುಖ ನೋಡಬೇಕಿತ್ತು! ಪರದೆಯ ಮೇಲೆ ದೇಶದೇಶದವರು ಬಿದ್ದು ಬಿದ್ದು ನಕ್ಕರು.

ಎರಡು ಲೋಟವೂ ನಿಯಮದ ಪ್ರಕಾರವೇ ಆದದ್ದು ಎಂದು ಅಕ್ಕ ಇಂಗ್ಲಿಷಿನಲ್ಲಿ ವಿವರಿಸಿದರು. ನಗು ನಿಂತಿತು. ನನ್ನ ಮಾಡೆಲ್ ಹದಗೆಟ್ಟಿದ್ದ ಆ ಸಾಫ್ಟ್‌ವೇರ್ ಮಾಡುವ ಕಂಪೆನಿಯ ಹಿರಿಯರೊಬ್ಬರು ಕೈ ಎತ್ತಿ, ಎರಡು ಸಲ ಹಾಕುವವರು ನಾವೇ ಇರಬೇಕು ಎಂದರು. ಮಾಡೆಲ್ ತಪ್ಪಲ್ಲ ಎಂದು ಆಮೇಲೆ ಗ್ರಾಹಕರಿಗೂ ಅವರೇ ಬರೆದರು. ನನ್ನ ಕೆಲಸ ಉಳಿಯಿತು.

ಅಕ್ಕ ಆ ಅಧ್ಯಾಯವನ್ನು ಹೊಸದಾಗಿ ಬರೆದರು. ತಿದ್ದುವ ಮೊದಲಿನದಕ್ಕೆ ಒಂದು ಹೆಸರು, ತಿದ್ದಿದ ಮೇಲಿನದಕ್ಕೆ ಬೇರೆ ಹೆಸರು. ಪ್ರತಿ ಹೆಜ್ಜೆಯಲ್ಲೂ ಯಾರು, ಯಾರಿಗೆ, ಯಾವುದನ್ನು ಎಂದು ಬಿಡಿಸಿ ಹೇಳಿದರು. ಒಪ್ಪದವರೊಡನೆ ವಾರವಾರ ಜಗಳ ಆಡಿದರು. ಜಗಳ ಮುಗಿದ ಮೇಲೆ ಅವರ ಮಕ್ಕಳ ಕ್ಷೇಮ ವಿಚಾರಿಸಿದರು. ಒಪ್ಪಿಗೆ ಸಿಕ್ಕಿದ ದಿನ ನಮ್ಮನ್ನೆಲ್ಲ ಉಡುಪಿಗೆ ಕರೆದುಕೊಂಡು ಹೋಗಿ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದರು. “ತಿನ್ನು ಮಾರಾಯ್ತಿ, ಹೆದರಬೇಡ, ಇದಕ್ಕೆ ಯಾರೂ ಉಪ್ಪು ಹಾಕಲಿಲ್ಲ.” ಅಷ್ಟು ಖುಷಿಯ ಸಂಜೆ ನನಗೆ ಆ ಆಫೀಸಿನ ದಿನಗಳಲ್ಲಿ ಮತ್ತೆ ಸಿಗಲಿಲ್ಲ.

ಆ ಅಧ್ಯಾಯ ಸೇರಿದ ಹೊಸ ಆವೃತ್ತಿ ಬರುವಾಗ ಅಕ್ಕ ಇರಲಿಲ್ಲ... ಕಾಯಿಲೆ ಎಂದು ನಮಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಮಿತಿಯಲ್ಲಿ ಅವರ ಜಾಗದಲ್ಲಿ ಈಗ ನಾನಿದ್ದೇನೆ. ಅವರ ಹಾಗೆ ಜಗಳ ಆಡಲು ಇನ್ನೂ ಬರುವುದಿಲ್ಲ.

ಮೊನ್ನೆಯ ಸಭೆಯಲ್ಲಿ ಮಾನದಂಡವನ್ನು ಮೊದಲಿನಿಂದ ಪರಿಶೀಲಿಸುತ್ತಾ ಆ ಅಧ್ಯಾಯಕ್ಕೆ ಬಂದೆವು. ಸಂಶಯ ಇರುವವರು ಹೇಳಿ ಎಂದರು ಅಧ್ಯಕ್ಷರು. ಯಾರೂ ಮಾತಾಡಲಿಲ್ಲ. ಸರಿ, ಮುಂದಿನದು, ಎಂದರು. ಬರೆದವರು ಯಾರೆಂದೂ ಯಾರೂ ಕೇಳಲಿಲ್ಲ.

ಮೈಕ್ ಬಂದ್ ಮಾಡಿ, “ಅಕ್ಕ, ಯಾರಿಗೂ ಸಂಶಯ ಇಲ್ಲ ನೋಡಿ,” ಎಂದೆ. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.