ಜಮಖಾನ ಹಾಸಿದ ಕೋಣೆ

ಕೋಣೆಯಲ್ಲಿ ಸದ್ದು ಎಷ್ಟು ಹೊತ್ತು ಉಳಿಯುತ್ತದೆಂದು ಅಳೆಯುವುದು ನನ್ನ ಹೊಟ್ಟೆಪಾಡು. ಬಲೂನು ಒಡೆಯುವುದು, ಆ ಸದ್ದು ಅಡಗಲು ಹಿಡಿಯುವ ಸಮಯವನ್ನು ಮೀಟರಿನಲ್ಲಿ ನೋಡುವುದು. ಕೇಳಲು ಸುಲಭ. ಆದರೆ ನಮ್ಮ ಕಡೆ ಸದ್ದು ಪೂರ್ತಿ ಅಡಗುವ ಮೊದಲೇ ಆಟೋದ ಹಾರ್ನು ಅದನ್ನು ನುಂಗಿಹಾಕುತ್ತದೆ. ಉಳಿದದ್ದನ್ನು ಅಂದಾಜು ಮಾಡಬೇಕು. ಹಾಗಾಗಿ ನಾನು ಭಾನುವಾರ ಬೆಳಿಗ್ಗೆ ಅಳೆಯುವವನು.

ಹಲಸೂರಿನ ಆ ಸಣ್ಣ ಶಾಲೆಗೆ ಹೋದದ್ದೂ ಭಾನುವಾರವೇ. ಕಿವಿಗೆ ಯಂತ್ರ ಹಾಕಿಕೊಂಡ ಎಂಟು ಮಕ್ಕಳ ತರಗತಿ ಅದು. ಅವರ ಟೀಚರ್ ಆಡಳಿತದವರನ್ನು ಕಾಡಿ ಬೇಡಿ ನನ್ನನ್ನು ಕರೆಸಿದ್ದರು.

"ಈ ಕೋಣೇಲಿ ಸದ್ದು ಗುಂಯ್ ಅಂತ ಉಳ್ಕೊಂಡು ಯಂತ್ರದಲ್ಲಿ ಮಾತೆಲ್ಲ ಗೋಜಲಾಗತ್ತೆ ಸಾರ್. ನನ್ನ ಮುಖ ನೋಡಿದ್ರೆ ಮಾತ್ರ ಮಕ್ಕಳಿಗೆ ಅರ್ಥ ಆಗೋದು. ಬೋರ್ಡ್ ಕಡೆ ತಿರುಗಿದ್ರೆ ಮುಗೀತು."

ಗೋಡೆಗೆ ಸದ್ದು ಹೀರುವ ಹಲಗೆ ಬೇಕೆಂದು ನಾನು ಬರೆದುಕೊಟ್ಟರೆ ಮಾತ್ರ ಆಡಳಿತದವರು ಹಾಕಿಸುವುದಿತ್ತು.

ಚಪ್ಪಲಿ ಬಿಟ್ಟು ಒಳಗೆ ಹೋಗಿ ಮೂರು ಬಲೂನು ಒಡೆದೆ. ಸದ್ದು ಬೇಗ ಅಡಗಿತು. ಕೋಣೆ ಸರಿಯಾಗಿದೆ ಎಂದೆ. ಟೀಚರ್ "ಆದ್ರೆ ಮಕ್ಕಳಿಗೆ..." ಎಂದರು.

"ಮೀಟರ್ ಸುಳ್ಳು ಹೇಳಲ್ಲ ಮೇಡಂ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ನನ್ನ ಲೆಕ್ಕವನ್ನು ಯಾರಾದರೂ ಅನುಮಾನಿಸಿದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಲಗೆ ಬೇಡವೆಂದು ವರದಿಯನ್ನೂ ಕೊಟ್ಟೆ.

ಮರೆತು ಬಂದಿದ್ದ ಮೀಟರಿನ ಸ್ಟ್ಯಾಂಡ್ ತರಲು ಮುಂದಿನ ವಾರ ಹೋದೆ. ಶಾಲೆ ಬಿಟ್ಟಿತ್ತು. ಕೋಣೆಗೆ ಕಾಲಿಟ್ಟರೆ ನನ್ನ ಹೆಜ್ಜೆ ನನಗೇ ಎರಡು ಸಲ ಕೇಳಿಸಿತು. ಬರಿಯ ಮೊಸಾಯಿಕ್ ನೆಲ, ಬೋಳು ಕಿಟಕಿ. ಅಂದು ದಪ್ಪ ಜಮಖಾನ ಇತ್ತು, ಪರದೆಗಳಿದ್ದವು. ಅವು ಕೋಣೆಯವೇ ಎಂದುಕೊಂಡಿದ್ದೆ.

"ಅವಾ?" ಕಸ ಗುಡಿಸುತ್ತಿದ್ದ ಆಯಾ ನಕ್ಕರು. "ಶಾಮಿಯಾನದ ಅಂಗಡೀವು ಸಾರ್. ದೊಡ್ಡೋರು ಬರ್ತೀರ ಅಂತ ಹಾಕಿದ್ವಿ. ಬರೀ ನೆಲದ ಮೇಲೆ ನಿಲ್ಸಕ್ಕಾಗತ್ತಾ ನಿಮ್ಮನ್ನ?"

ಬಟ್ಟೆ ಸದ್ದು ನುಂಗುತ್ತದೆಂದು ಆಕೆಗೆ ಗೊತ್ತಿರಬೇಕಿರಲಿಲ್ಲ. ನನಗೆ ಗೊತ್ತಿತ್ತು. ನಾನು ಅಳೆದದ್ದು ಮಕ್ಕಳ ಕೋಣೆಯನ್ನಲ್ಲ, ನನಗೆ ಸಿಕ್ಕ ಮರ್ಯಾದೆಯನ್ನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಪ್ರಮಾಣಿಸಲೆಂದೇ ಹೋದವನು ಕಂಡದ್ದನ್ನು ನಂಬಿ ಬಂದಿದ್ದೆ. ನಾಚಿಕೆಯಾಯಿತು.

ಭಾನುವಾರ ಮತ್ತೆ ಅಳೆದೆ. ಸದ್ದು ಮೊದಲಿಗಿಂತ ದುಪ್ಪಟ್ಟು ಹೊತ್ತು ಉಳಿಯಿತು. "ಹಿಂದಿನ ವರದಿ ತಪ್ಪು, ತಪ್ಪು ನನ್ನದು" ಎಂದು ಬರೆದುಕೊಟ್ಟೆ. ಟೀಚರ್ ಅದನ್ನು ಓದಿ, "ಕಾಫಿ ತಗೊಳ್ತೀರಾ ಸಾರ್?" ಎಂದರು, ಅಷ್ಟೇ.

ಹಲಗೆ ಹಾಕಿದ ಮೇಲೆ ತರಗತಿ ನಡೆಯುವಾಗ ಹೋಗಿ ಬಾಗಿಲಲ್ಲಿ ನಿಂತೆ. ಟೀಚರ್ ಅಭ್ಯಾಸಬಲದಿಂದ ಬೋರ್ಡಿಗೆ ಓರೆಯಾಗಿ, ಮುಖ ಮಕ್ಕಳ ಕಡೆಗಿಟ್ಟೇ ಬರೆಯುತ್ತಿದ್ದರು. ಬರೆದದ್ದನ್ನು ಒರೆಸುತ್ತಾ ಮೈಮರೆತು ಪೂರ್ತಿ ತಿರುಗಿ, "ಏಳಕ್ಕೆ ಐದು ಸೇರಿದ್ರೆ?" ಎಂದು ಕೇಳಿಬಿಟ್ಟರು.

"ಹನ್ನೆರಡು ಮಿಸ್" ಎಂದಳು ಕೊನೆಯ ಬೆಂಚಿನ ಹುಡುಗಿ.

ಟೀಚರ್ ಹಿಂತಿರುಗಲಿಲ್ಲ. ಬೋರ್ಡಿಗೇ ಮುಖ ಮಾಡಿ ನಿಂತು ಇನ್ನೊಂದು ಪ್ರಶ್ನೆ ಕೇಳಿದರು.