ಹೇಮಲತಾ ಮಿಸ್ ಹೂ ಕಟ್ಟಲು ಕೂತ ಸಂಜೆ

“ನೋಡ್ರಮ್ಮ, ಎಡಗಡೆ ಹೈಡ್ರೋಜನ್ನು, ಆಕ್ಸಿಜನ್ನು. ಬಲಗಡೆ ನೀರು. ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದೇ. ಇನ್ನೊಂದು ಎಲ್ಲೋಯ್ತು? ಯಾವುದೂ ಕಳೆದುಹೋಗಲ್ಲ, ಎಡಗಡೆ ಇದ್ದಷ್ಟೂ ಬಲಗಡೆ ಇರಲೇಬೇಕು. ಅದಕ್ಕೆ ನೀವೇನು ಮಾಡ್ತೀರಾ, ನೀರಿನ ಆಕ್ಸಿಜನ್ ಅಡೀಲಿ ಮೆತ್ತಗೆ ಎರಡು ಅಂತ ಬರೆದುಬಿಡ್ತೀರಾ. ಲೆಕ್ಕ ಸರಿಹೋಯ್ತು, ಆದರೆ ಅದು ನೀರಾಗಿ ಉಳಿಯಲಿಲ್ಲ ಕಣ್ರೇ! ಗಾಯ ತೊಳೆಯೋ ಔಷಧಿ ಆಯ್ತು. ಬಾಯಾರಿ ಬಂದೋರಿಗೆ ಅದನ್ನ ಕುಡಿಸ್ತೀರಾ? ಮುಂದಗಡೆ ಎಷ್ಟಾದರೂ ಬರ್ಕೊಳ್ಳಿ. ಅಡೀಲಿರೋ ಅಂಕಿ ಮಾತ್ರ ಮುಟ್ಟಬೇಡಿ.”

ಹೇಮಲತಾ ಮಿಸ್ ಹೀಗೆ ಹೇಳುತ್ತಿದ್ದುದು ನಂಜನಗೂಡಿನ ನಮ್ಮ ಮನೆ ಜಗಲಿಯ ಮೇಲೆ. ಹತ್ತಿರದ ಹದಿನಾರು ಎಂಬ ಹಳ್ಳಿಯವರು, ಹೈಸ್ಕೂಲಿಗೆ ವಿಜ್ಞಾನದ ಟೀಚರು. ಮುಂದಿನ ರೂಮಿನಲ್ಲಿ ಏಳು ವರ್ಷ ಬಾಡಿಗೆಗಿದ್ದರು. ಈಗ ನರಸೀಪುರಕ್ಕೆ ವರ್ಗವಾಗಿದೆ. ಪಾಠ ಶುರುವಾದರೆ ಕಾಫಿ ಲೋಟ ಪಕ್ಕದಲ್ಲೇ ತಣ್ಣಗಾಗುತ್ತಿತ್ತು. ಸಿಟ್ಟು ಬಂದರೆ ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಮಕ್ಕಳು ಅದಕ್ಕೇ ಹೆದರುತ್ತಿದ್ದರು.

ಒಂದು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಪುಟ್ಟಬಸಮ್ಮನ ಮಗಳು ನಯನ ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಫೇಲಾದಳು. ಪುಟ್ಟಬಸಮ್ಮ ಜಗಲಿಗೇ ಬಂದು ನಿಂತಳು.

“ಸಪ್ಲಿಮೆಂಟರೀಲೂ ಓಯ್ತು ಅಂದ್ರೆ ಗಾರ್ಮೆಂಟ್ಸ್‌ಗೆ ಸೇರಿಸ್ತೀನಿ ಮಿಸ್ಸಮ್ಮ. ಆಮೇಲೆ ನೀವು ಅಡ್ಡ ಬರಂಗಿಲ್ಲ.”

“ಒಂದು ತಿಂಗಳು ನನ್ನ ಹತ್ರ ಬಿಡಿ” ಅಂದರು ಮಿಸ್.

ಹದಿನೈದು ದಿನ ಕಳೆಯಿತು. ಹುಡುಗಿ ದಿನಾ ಅಡಿಯ ಅಂಕಿಯನ್ನೇ ತಿದ್ದುವಳು. ಮಿಸ್ ದನಿ ಇಳಿದು ಇಳಿದು ಒಂದು ಸಂಜೆ ನಿಂತೇಹೋಯಿತು. ಪುಸ್ತಕ ಮುಚ್ಚಿ ಎದ್ದುಹೋದವರು, ಆಮೇಲೆ ನಾನು ಮತ್ತು ನಯನ ಅವಳಮ್ಮನ ವ್ಯಾಪಾರಕ್ಕೆ ಹೂ ಕಟ್ಟುತ್ತಿದ್ದಲ್ಲಿ ಬಂದು ಕೂತರು. ಸುಮ್ಮನೆ ದಾರ ತಗೊಂಡು ತಾವೂ ಕಟ್ಟತೊಡಗಿದರು. ಒಂದು ಕಡೆ ಹೂ ಕಮ್ಮಿ ಕಂಡಿತೇನೋ, ಹಿಂದಿನ ಗಂಟಿನಿಂದ ಒಂದು ಮೊಗ್ಗು ಕಿತ್ತರು. ಗಂಟು ಸಡಿಲವಾಗಿ ಹೂವೆಲ್ಲ ಮಡಿಲಿಗೆ ಉದುರಿತು.

ನಯನ ಕಿಸಕ್ಕನೆ ನಕ್ಕಳು. “ಅಯ್ಯೋ ಮಿಸ್! ಕಟ್ಟಿದ ಗಂಟಿಗೆ ಕೈ ಆಕ್ತಾರಾ? ಸಾಲ್ದೆ ಇದ್ರೆ ಇನ್ನೊಂದು ಗಂಟು ಕಟ್ಬೇಕು.”

“ಏನಂದೆ? ಇನ್ನೊಂದ್ಸಲ ಹೇಳು.”

ಹುಡುಗಿ ಹೆದರಿಕೊಂಡೇ ಹೇಳಿದಳು. ಮಿಸ್ ಎರಡು ಕನಕಾಂಬರ ಸೇರಿಸಿ ಒಂದು ಗಂಟು ಹಾಕಿಸಿದರು. ಅದು ಆಕ್ಸಿಜನ್ನು. ಎರಡು ಮಲ್ಲಿಗೆ ಸೇರಿಸಿದ ಗಂಟು ಹೈಡ್ರೋಜನ್ನು. ನೀರಿನ ಗಂಟಿಗೆ ಮಲ್ಲಿಗೆ ಎರಡು, ಕನಕಾಂಬರ ಒಂದು.

“ಈಗ ನೀರು ಕಟ್ಟು. ಒಂದು ಹೂವೂ ಮಿಕ್ಕಬಾರದು.”

ನಯನ ಬಿಚ್ಚಿ ಕಟ್ಟಿದಳು. ಒಂದು ಕನಕಾಂಬರ ಮಿಕ್ಕಿತು. ನೀರಿನ ಗಂಟಿನತ್ತ ಹೋದ ಬೆರಳು ಅಲ್ಲೇ ನಿಂತಿತು. “ಇನ್ನೊಂದು ನೀರೇ ಕಟ್ಬೇಕು. ಮಲ್ಲಿಗೆ ಸಾಲಲ್ಲ, ಹೈಡ್ರೋಜನ್ನೂ ಇನ್ನೊಂದು ಗಂಟು ಬೇಕು ಮಿಸ್.”

“ಬರಿ ಅದನ್ನೇ” ಅಂದರು ಮಿಸ್. ಕಣ್ಣು ಒರೆಸಿಕೊಂಡಿದ್ದನ್ನು ನಾನು ಕಂಡೂ ಕಾಣದವಳ ಹಾಗಿದ್ದೆ.

ಪರೀಕ್ಷೆಯಲ್ಲಿ ಕಬ್ಬಿಣಕ್ಕೆ ಹಬೆ ತಾಗುವ ಸಮೀಕರಣ ಬಂದಿತ್ತಂತೆ. ಮೂರು ಕಬ್ಬಿಣ, ನಾಲ್ಕು ನೀರು ಅಂತ ಬರೆದೆ ಎಂದು ಓಡೋಡಿ ಬಂದು ಹೇಳಿದಳು.

ಫಲಿತಾಂಶದ ದಿನ ಬೆಳಿಗ್ಗೆ ಮಿಸ್ ಫೋನ್ ಹಿಡಿದು ಅಂಗಳದಲ್ಲೇ ಇದ್ದರು. ವಿಜ್ಞಾನಕ್ಕೆ ನಲವತ್ತೊಂದು, ಪಾಸು. ಪುಟ್ಟಬಸಮ್ಮ ಮಗಳ ತಲೆ ಸವರಿ, “ಕಾಲೇಜಿಗೆ ಅರ್ಜಿ ಎಲ್ಲಿ ಕೊಡ್ತಾರೆ ಮಿಸ್ಸಮ್ಮ?” ಅಂದಳು.

“ನಾಳೆ ನಾನೇ ಜೊತೇಲಿ ಬತ್ತೀನಿ” ಅಂದರು ಮಿಸ್. ಅಷ್ಟರಲ್ಲಿ ಬೀದಿ ನಲ್ಲಿಗೆ ನೀರು ಬಂತು. ಮಿಸ್ ಸೆರಗು ಸಿಕ್ಕಿಸಿಕೊಂಡು, ಎರಡು ಬಿಂದಿಗೆ ಎತ್ತಿಕೊಂಡು ಸಾಲಿಗೆ ಹೋದರು.