ದುರ್ಬೀನಿಗೆ ಕಣ್ಣಿನ ಪರೀಕ್ಷೆ

ನಮ್ಮ ಬಂದರಿನಲ್ಲಿ ಅವನನ್ನು ಹೆಸರು ಹಿಡಿದು ಕರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಅವನೇ ತಿರುಗಿ ನೋಡುವುದಿಲ್ಲ. ದುರ್ಬೀನು ಅಂದರೆ ಮಾತ್ರ ಅವನು. ದೋಣಿಯ ಕಂಬದ ತುದಿಯಲ್ಲಿ ಹಲಗೆ ಬಡಿದು ಮಾಡಿದ ಪುಟ್ಟ ಪೀಠದ ಮೇಲೆ ಕೂತು, ಬಂಗುಡೆಯ ಹಿಂಡು ಎಲ್ಲಿದೆ, ಯಾವ ಕಡೆ ಹೊರಟಿದೆ ಎಂದು ಬರಿಗಣ್ಣಿನಿಂದ ನೋಡಿ ಹೇಳುವುದು ಅವನ ಕೆಲಸ. ದೋಣಿಯ ಅಡಿಯಲ್ಲಿರುವ ಮೀನನ್ನು ತೋರಿಸುವ ಯಂತ್ರ ಈಗ ಎಲ್ಲರ ಹತ್ತಿರವೂ ಇದೆ. ಆದರೆ ದೂರದಲ್ಲಿ ನೀರಿನ ಬಣ್ಣ ಚೂರು ಕಂದಿದೆ, ಅಲ್ಲಿ ಮಾತ್ರ ಅಲೆಯ ಮೈ ನಡುಗುತ್ತಿದೆ ಎಂದು ಯಂತ್ರ ಹೇಳುವುದಿಲ್ಲ. ದುರ್ಬೀನು ಹೇಳುತ್ತಿದ್ದ. ಹೇಳಿದ ಮೇಲೆ ಒಂದು ವಾರ ಜಂಬ ಕೊಚ್ಚಿಕೊಳ್ಳುತ್ತಲೂ ಇದ್ದ, ಅದನ್ನೇಕೆ ಮುಚ್ಚಿಡಲಿ.

ನಾನು ಬಲೆ ರಿಪೇರಿ ಮಾಡುವವಳು. ದೋಣಿ ಕಟ್ಟುವ ಧಕ್ಕೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ಹರಿದದ್ದನ್ನು ಹೆಣೆಯುತ್ತೇನೆ. ಸಮುದ್ರಕ್ಕೆ ಹೋಗದಿದ್ದರೂ ಅಲ್ಲಿನ ಸುದ್ದಿಯೆಲ್ಲ ನನ್ನ ಮಡಿಲಿಗೇ ಬಂದು ಬೀಳುತ್ತದೆ. ಗಂಡಸರಿಗೆ ಮನೆಯಲ್ಲಿ ಬಾಯಿ ಬಿಟ್ಟು ಹೇಳಲಾಗದ್ದನ್ನು ಹೇಳಲು ಒಂದು ಜಾಗ ಬೇಕು. ನಾನು ಕೆಲಸ ಮಾಡುವಾಗ ತಲೆ ಎತ್ತುವುದಿಲ್ಲವಲ್ಲ, ಅದು ಅವರಿಗೆ ಅನುಕೂಲ. ದುರ್ಬೀನು ಈ ಸಂಗತಿ ಹೇಳಿದ್ದೂ ಹಾಗೆಯೇ, ತುಂಡು ತುಂಡಾಗಿ, ನನ್ನ ನೂಲಿನ ಉಂಡೆಯನ್ನು ಸುಮ್ಮನೆ ಬಿಚ್ಚುತ್ತ ಸುತ್ತುತ್ತ.

ಅವನ ಎರಡು ಚಾಳಿಗಳನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು, ಹಿಂಡಿನ ತಲೆಗೇ ಬಲೆ ಹಾಕಿಸುವುದು. ಬಂಗುಡೆ ಒಂದೇ ಕಡೆ ಮನೆ ಮಾಡಿಕೊಂಡಿರುವ ಮೀನಲ್ಲ. ವರ್ಷಕ್ಕೊಮ್ಮೆ ದೂರದ ನೀರಿನಿಂದ ಹೊರಟು, ಸಮುದ್ರಕ್ಕೆ ಚಾಚಿದ ನಮ್ಮ ಬಂಡೆಯ ಮೂಲೆ ಬಳಸಿ, ಕೊಲ್ಲಿಯೊಳಗೆ ಹಾದು ಮುಂದೆ ಹೋಗುತ್ತದೆ. ಹಿಂಡಿನ ಮುಂದೆ ದೊಡ್ಡವು, ಹಿಂದೆ ಮರಿಗಳು. ಹಳೆಯ ಕಾಲದವರು ಬೆನ್ನಟ್ಟಿಕೊಂಡು ಹೋಗಿ ಬಾಲದ ಕಡೆ ಸಿಕ್ಕಷ್ಟನ್ನು ಸುತ್ತಿ ತರುತ್ತಿದ್ದರು. ದುರ್ಬೀನು ಹರೆಯದಲ್ಲಿ ಮೇಲಿಂದ ನೋಡಿ, ಓಡಿ ಮುಂದೆ ಹೋಗಿ ತಲೆಗೇ ಸುತ್ತು ಹಾಕಿ ಅಂದ. ಆ ವರ್ಷ ಬಲೆ ಎಳೆಯಲು ಪಕ್ಕದ ದೋಣಿಯವರನ್ನು ಕರೆಯಬೇಕಾಯಿತು. ಮುಂದಿನ ವರ್ಷ ಎಲ್ಲ ದೋಣಿಗಳೂ ತಲೆಗೇ ಹಾಕಿದವು. ಬಾಲಕ್ಕೆ ಹಾಕುವವನನ್ನು ಕಂಡರೆ ಧಕ್ಕೆಯಲ್ಲಿ ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ದುರ್ಬೀನೇ ನಗುತ್ತಿದ್ದ.

ಎರಡನೆಯದು ಅವನ ಟೋಪಿ. ಹಿಂಡು ಕಂಡಾಗ ಸುತ್ತಮುತ್ತ ಬೇರೆ ದೋಣಿಗಳಿದ್ದರೆ ಅವನು ಬೆರಳು ತೋರಿಸುತ್ತಿರಲಿಲ್ಲ. ಟೋಪಿ ತೆಗೆದು, ಬೇಸರದವನಂತೆ ಮುಖ ಒರೆಸಿಕೊಂಡು, ಮೀನಿಗೆ ಬೆನ್ನು ಹಾಕಿ ದೋಣಿ ತಿರುಗಿಸು ಅನ್ನುತ್ತಿದ್ದ. ಉಳಿದವರು ಇಲ್ಲೇನೂ ಇಲ್ಲ ಎಂದು ಚದುರಿದ ಮೇಲೆ ಬಳಸಿಕೊಂಡು ಬಂದು ಬಲೆ ಇಳಿಸುತ್ತಿದ್ದರು. ಟೋಪಿ ತೆಗೆದು ಊರಿಗೆಲ್ಲ ಟೋಪಿ ಹಾಕುವವನು ಎಂದು ನಾವು ರೇಗಿಸುತ್ತಿದ್ದೆವು.

ಆಮೇಲೆ ಬಂಗುಡೆ ಬದಲಾಯಿತು. ಮೊದಲು ಗಾತ್ರ. ಅಂಗೈ ದಾಟಿ ತೋಳಿನ ಕಡೆ ಹೊರಡುತ್ತಿದ್ದ ಮೀನು ಅಂಗೈಯಲ್ಲೇ ಮುಗಿಯತೊಡಗಿತು. ಆಮೇಲೆ ಕಾಲ. ಬರುವ ಹೊತ್ತಿಗೆ ಬರಲಿಲ್ಲ, ಬಂದಾಗ ಹೇಳಿ ಬರಲಿಲ್ಲ. ಕೊನೆಗೆ ಬಂಡೆಯ ಮೂಲೆಯನ್ನೇ ಬಳಸದೆ ಹೊರಗಿನಿಂದ ಹೊರಗೇ ಹೋಗಿಬಿಟ್ಟಿತು. ಮೀನು ಪ್ಯಾಕ್ ಮಾಡುವ ಶೆಡ್ಡಿಗೆ ಬೀಗ ಬಿತ್ತು, ಅಲ್ಲಿ ದುಡಿಯುತ್ತಿದ್ದ ಹೆಂಗಸರಲ್ಲಿ ನನ್ನ ತಂಗಿಯೂ ಒಬ್ಬಳು. ಚಹಾದಂಗಡಿಯಲ್ಲಿ ದಿನಕ್ಕೊಂದು ಕಾರಣ ಸಿಗುತ್ತಿತ್ತು. ನೀರು ಬಿಸಿಯಾಗಿದೆ, ದೊಡ್ಡ ಹಡಗುಗಳು ಬಾಚುತ್ತಿವೆ, ಬಂದರಿನ ದೀಪ ಜಾಸ್ತಿಯಾಗಿದೆ. ಎಲ್ಲದರಲ್ಲೂ ಒಂದಿಷ್ಟು ನಿಜವಿರಬಹುದು, ನನಗೇನು ಗೊತ್ತು.

ಮೀನುಗಾರಿಕೆ ಇಲಾಖೆಯ ಒಬ್ಬ ಹುಡುಗಿ ಸಂಘದ ಹಾಲ್‌ಗೆ ಬಂದು ಮಾತಾಡಿದಳು. ಅರ್ಧ ಜನ ತೂಕಡಿಸುತ್ತಿದ್ದರು. ಅವಳು ಹೇಳಿದ್ದು ಇಷ್ಟು: "ಖಂಡಿತಾ ಹೀಗೇ ಅಂತ ಹೇಳೋಕಾಗಲ್ಲ. ಆದ್ರೆ ಕೆಲವು ಮೀನುಗಳಲ್ಲಿ ದೊಡ್ಡವು ಮುಂದೆ ಹೋಗ್ತವೆ, ಮರಿಗಳು ಹಿಂದಿಂದ ದಾರಿ ಕಲೀತವೆ ಅಂತ ಕಾಣುತ್ತೆ. ದೊಡ್ಡವೇ ಇಲ್ದಿದ್ರೆ ದಾರಿ ತೋರಿಸೋರು ಯಾರು?"

ಹುಡುಗಿ ಪ್ರಶ್ನೆ ಕೇಳಿದ್ದು ಇಡೀ ಹಾಲ್‌ಗೆ. ಅದು ಹೋಗಿ ನಾಟಿದ್ದು ದುರ್ಬೀನಿನ ಎದೆಗೆ. ಅಂದಿನಿಂದ ಅವನ ಜಂಬ ಇಳಿಯಿತು. ಮಂಡಿ ನೋವು ಅನ್ನುತ್ತ ಕಂಬ ಹತ್ತುವುದನ್ನೇ ಬಿಟ್ಟ. ಮುಚ್ಚಿದ ಶೆಡ್ಡಿನ ಮುಂದೆ ಹೋಗಬೇಕಾದಾಗ ಆಚೆ ಬೀದಿಯಿಂದ ಸುತ್ತಿ ಬರುತ್ತಿದ್ದ. ನನ್ನ ತಂಗಿ ಎದುರಾದರೆ ತಲೆ ತಗ್ಗಿಸುತ್ತಿದ್ದ. ಅವಳಿಗೆ ಅದರ ತಲೆಬುಡ ಗೊತ್ತಾಗದೆ, ದುರ್ಬೀನಣ್ಣನಿಗೆ ನನ್ನ ಮೇಲೇನು ಸಿಟ್ಟು ಎಂದು ನನ್ನನ್ನೇ ಕೇಳಿದಳು.

ದುರ್ಬೀನಿನ ದೋಣಿಯ ಚುಕ್ಕಾಣಿ ಅವನ ಮಗಳ ಕೈಗೆ ಬಂತು. ಹೆಣ್ಣಿನ ಕೈಕೆಳಗೆ ಬಲೆ ಎಳೆಯುವುದೇ ಎಂದು ಮೂಗು ಮುರಿದವರು ಇದ್ದರು, ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಸಮುದ್ರ ಅವಳ ಕೈ ಹಿಡಿಯಬೇಕಲ್ಲ. ಮೊದಲ ಹಂಗಾಮಿನಲ್ಲೇ ಮೇಲಿಂದ ಮೇಲೆ ಬರಿಗೈ. ದುರ್ಬೀನಿನ ಹೆಂಡತಿಯ ತಮ್ಮನಿಗೂ ಒಂದು ದೋಣಿಯಿದೆ, ನಮ್ಮಲ್ಲಿ ಅವನನ್ನು ಎಲ್ಲರೂ ಭಾವಮೈದ ಅಂತಲೇ ಕರೆಯುತ್ತೇವೆ. ಇನ್ನೊಂದು ಸಲ ಖಾಲಿ ಬಂದರೆ ನಾವು ಭಾವಮೈದನ ದೋಣಿಗೆ ಹೋಗುತ್ತೇವೆ ಎಂದು ಆಳುಗಳು ಅವಳ ಮುಖಕ್ಕೇ ಹೇಳಿದರು. ಆಳುಗಳಿಲ್ಲದ ದೋಣಿ ಧಕ್ಕೆಗೆ ಕಟ್ಟಿದ ಕಟ್ಟಿಗೆ. ಮಗಳು ಅಪ್ಪನ ಹತ್ತಿರ ಬಂದು ಕೂತಳು.

"ಒಂದೇ ಒಂದು ಸಲ ಬಾ ಅಪ್ಪ. ನಿನ್ನ ಮಂಡಿಗೆ ನಾನು ಎಣ್ಣೆ ತಿಕ್ಕಿ ಕೊಡ್ತೀನಿ."

"ನನ್ನ ಕೈಲಿ ಆಗಲ್ಲಮ್ಮ."

"ಆಗುತ್ತೆ. ನೀನು ಮೇಲೆ ಇದ್ರೆ ಸಾಕು, ಅವ್ರಿಗೆ ಧೈರ್ಯ. ನಂಗೂ."

ಹಳೆಯ ಟೋಪಿ ಹಾಕಿಕೊಂಡು ಒಂದು ಬೆಳಿಗ್ಗೆ ಅವನು ಮತ್ತೆ ಕಂಬ ಹತ್ತಿದ.

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲವಂತೆ. ಆಕಾಶದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಮೋಡ. ಭಾವಮೈದನ ದೋಣಿ ಸ್ವಲ್ಪ ದೂರದಲ್ಲಿ ನಿಂತಿತ್ತು. ದುರ್ಬೀನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ನೋಡುವುದು ಬೇಡ ಅಂದುಕೊಂಡರೂ ಆ ಕಣ್ಣು ಕೇಳಬೇಕಲ್ಲ. ಬಂಡೆಯ ಮೂಲೆಯ ಆಚೆ ನೀರು ಕಂದಿತು. ಕಂದಿದ ಜಾಗ ಅಗಲವಾಯಿತು. ಅದರ ಮುಂದಿನ ಅಂಚು ನಿಧಾನವಾಗಿ ಕೊಲ್ಲಿಯ ಕಡೆ ಬಾಗಿತು, ಥೇಟ್ ಹಳೆಯ ಕಾಲದ ಹಾಗೆ. ಮುಂದಿನವು ನೀರಿನ ಮೇಲೆ ಬೆನ್ನು ತೋರಿಸಿ ಮುಳುಗಿದಾಗ ಅವುಗಳ ಗಾತ್ರವೂ ಕಂಡಿತು. ಎಲ್ಲೋ ತಪ್ಪಿಸಿಕೊಂಡು ಬದುಕಿ ದಾರಿ ನೆನಪಿಟ್ಟುಕೊಂಡ ದೊಡ್ಡವು ಮರಿಗಳನ್ನು ಕರೆದುಕೊಂಡು ಬಂದಿವೆ ಎಂದು ಅವನಿಗೆ ಅನ್ನಿಸಿತು. ಅಕ್ಕ, ನನಗೆ ಅಳು ಬಂತು ಅಂದ ನನ್ನ ಹತ್ತಿರ.

ಕೆಳಗೆ ಚುಕ್ಕಾಣಿಯ ಗೂಡಿನಿಂದ ಮಗಳು ಕೂಗಿದಳು. "ಏನಾದ್ರೂ ಇದ್ಯಾ ಅಪ್ಪ?"

ತಲೆಗೆ ಬಲೆ ಹಾಕುವುದನ್ನು ಅವಳಿಗೆ ಕಲಿಸಿದವನು ಅವನೇ. ಇದೆ ಅಂದರೆ ಅವಳು ತಲೆಗೇ ಹಾಕುತ್ತಾಳೆ.

"ಏನಿಲ್ಲ. ಮೋಡದ ನೆರಳು. ತಿರುಗಿಸು," ಅಂದ.

ಅವಳು ತಿರುಗಿಸಿದಳು. ಸ್ವಲ್ಪ ದೂರ ಹೋದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗುಟ್ಟಿನ ದನಿಯಲ್ಲಿ ಕೇಳಿದಳು. "ಮಾವ ಕಾಣ್ತಿಲ್ಲ. ಈಗ ವಾಪಸ್ ತಿರುಗಿಸ್ಲಾ?" ಅಪ್ಪನ ಹಳೆಯ ಆಟವನ್ನು ಚಿಕ್ಕಂದಿನಿಂದ ನೋಡಿದವಳು, ಇದೂ ಅದೇ ಅಂದುಕೊಂಡು ಮುಖವೆಲ್ಲ ನಗುವಾಗಿದ್ದಳು. ಮೊದಲ ಸುಳ್ಳು ತಾನಾಗಿ ಬಾಯಿಂದ ಬಿದ್ದದ್ದು. ಎರಡನೆಯದನ್ನು ಆ ಮುಖ ನೋಡಿಕೊಂಡು ಹೇಳಬೇಕಾಯಿತು.

"ಇಲ್ಲಮ್ಮ. ನಿಜವಾಗ್ಲೂ ನೆರಳೇ."

ನಗು ಹೋಯಿತು. ಅವಳು ತಲೆ ಒಳಗೆಳೆದುಕೊಂಡಳು.

ಹೆಚ್ಚು ಹೊತ್ತಾಗಿರಲಿಲ್ಲ, ವೈರ್‌ಲೆಸ್‌ನಲ್ಲಿ ಭಾವಮೈದನ ದನಿ ಕಿರುಚಿತು. ಬಂಡೆಯ ಮೂಲೆಯಲ್ಲಿ ಬಲೆ ತುಂಬಿದೆ, ಎಳೆಯಲು ಆಗುತ್ತಿಲ್ಲ, ಹತ್ತಿರ ಇರುವವರು ಬನ್ನಿ. ಹತ್ತಿರ ಇದ್ದದ್ದು ಮಗಳ ದೋಣಿಯೇ. ಹೋಗಿ ಅವಳ ಆಳುಗಳೇ ಆ ಬಲೆಯನ್ನು ಎಳೆದುಕೊಟ್ಟರು. ದುರ್ಬೀನು ಕಂಬದ ಮೇಲೆ ಕೂತೇ ಇದ್ದ, ಇಳಿಯಲು ಮುಖವಿರಲಿಲ್ಲ. ಮೇಲಿಂದ ಎಲ್ಲ ಕಾಣುತ್ತಿತ್ತು. ಸುತ್ತು ಬಿದ್ದದ್ದು ತಲೆಗೆ. ಬಾಲದ ಮರಿಗಳು ಗೊತ್ತುಗುರಿಯಿಲ್ಲದೆ ಒಮ್ಮೆ ಬಂಡೆಯ ಕಡೆ, ಒಮ್ಮೆ ಹೊರಗೆ ಓಡಾಡುತ್ತಿದ್ದವು.

ಆಳುಗಳು ದೋಣಿಯಲ್ಲೇ ಗೊಣಗಲು ಶುರುಮಾಡಿದರು. ಮಗಳು ಎಲ್ಲರಿಗೂ ಕೇಳುವಂತೆ ಹೇಳಿದಳಂತೆ. "ಅಪ್ಪನಿಗೆ ಯಾರೂ ಏನೂ ಅನ್ನಬೇಡಿ. ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಬರಲ್ಲ ಅಂದೋನನ್ನ ಎಳ್ಕೊಂಡು ಬಂದಿದ್ದು ನಾನು. ತಪ್ಪು ನಂದು."

ತಪ್ಪು ನಂದು. ಇದನ್ನು ನನಗೆ ಹೇಳುವಾಗ ದುರ್ಬೀನು ನೂಲಿನ ಉಂಡೆಯನ್ನು ಕೆಳಗಿಟ್ಟ.

ಆ ಸಂಜೆ ಭಾವಮೈದ ಒಂದು ಬುಟ್ಟಿ ಮೀನು ಹೊತ್ತುಕೊಂಡು ಅಕ್ಕನ ಮನೆಗೆ ಬಂದ. ಮಗಳು ಧಕ್ಕೆಯಲ್ಲೇ ಇದ್ದಳು. ದುರ್ಬೀನಿನ ಪಕ್ಕದಲ್ಲಿ ಕೂತು ಭಾವಮೈದ ಮೆಲ್ಲಗೆ ಹೇಳಿದ.

"ಭಾವ, ನಾನು ಸಮುದ್ರ ಎಲ್ಲಿ ನೋಡ್ತೀನಿ, ನಿಮ್ಮನ್ನೇ ನೋಡ್ತಾ ಇರ್ತೀನಿ. ನಿಮ್ಮ ಟೋಪಿ ಇಳಿದ ಕೂಡ್ಲೇ ಎಂಜಿನ್ ಜೋರು ಮಾಡ್ದೆ. ಆದ್ರೆ ನೀವ್ಯಾಕೆ ವಾಪಸ್ ಬರ್ಲಿಲ್ಲ?"

ಟೋಪಿ ತೆಗೆದದ್ದು ದುರ್ಬೀನಿಗೆ ನೆನಪೇ ಇರಲಿಲ್ಲ. ಬಾಯಿ ಮೀನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಗ, ಕೈ ತನ್ನ ಹಳೆಯ ಅಭ್ಯಾಸದಂತೆ ತಲೆಗೆ ಹೋಗಿ ಟೋಪಿ ತೆಗೆದು ಮುಖ ಒರೆಸಿತ್ತು. ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದ ಹೆಂಡತಿ, "ಎಷ್ಟು ದಪ್ಪ ಇವೆ ನೋಡಿ, ಎಲ್ಲದರಲ್ಲೂ ಮೊಟ್ಟೆ," ಎಂದು ತಮ್ಮನಿಗೆ ಮೀನು ಸಿಕ್ಕ ಸಂಭ್ರಮದಲ್ಲಿ ಕೂಗಿದಳು. 

ಕೇಳುತ್ತ ಕೇಳುತ್ತ ನನಗೆ ಮೈಯೆಲ್ಲ ಉರಿಯಿತು. ಸೂಜಿ ನಿಲ್ಲಿಸಿ ಕೇಳಿಯೇಬಿಟ್ಟೆ. "ಅಲ್ಲ ಮಾರಾಯ, ತಲೆ ಬಿಟ್ಟು ಬಾಲಕ್ಕೆ ಹಾಕು ಅನ್ನೋಕೆ ನಿನ್ನ ನಾಲಿಗೆ ಏನು ಬಿದ್ದು ಹೋಗಿತ್ತಾ? ಅವಳ ಬಲೆಗೂ ಬೀಳ್ತಿತ್ತು, ನಿನ್ನ ದೊಡ್ಡ ಮೀನೂ ಹೋಗ್ತಿತ್ತು."

"ಬಾಲಕ್ಕೆ ಹಾಕು ಅಂದ್ರೆ ಯಾಕೆ ಅಂತ ಕೇಳ್ತಾಳಲ್ಲ ಅಕ್ಕ," ಅಂದ. "ಆಳುಗಳ ಮುಂದೆ ಏನಂತ ಹೇಳ್ಲಿ? ಇಷ್ಟು ವರ್ಷ ತಲೆಗೆ ಹಾಕಿಸಿ ಮೀನು ದಾರಿ ತಪ್ಪೋ ಹಾಗೆ ಮಾಡಿದೋನು ನಾನೇ ಅಂತಾನಾ?"

ಅಂದರೆ ಮೀನಿನ ಮೇಲಿನ ಮರುಕ ಅರ್ಧ, ಮರ್ಯಾದೆಯ ಭಯ ಅರ್ಧ. ಅದನ್ನು ಅವನಿಗೆ ನಾನು ಹೇಳಬೇಕಾಗಿರಲಿಲ್ಲ, ಅವನಿಗೇ ಗೊತ್ತಿತ್ತು.

ಭಾವಮೈದನಿಗೆ ಮೀನು ಸಿಕ್ಕ ಮರುದಿನವೇ ಇಬ್ಬರು ಆಳುಗಳು ಅವನ ದೋಣಿಗೆ ಹೋದರು. ಮಗಳು ಅಂದು ಸಮುದ್ರಕ್ಕೆ ದೋಣಿ ಬಿಡಲಿಲ್ಲ. ಬೇರೆ ಆಳುಗಳನ್ನು ಹುಡುಕಲು ಓಡಾಡುವುದು ಬಿಟ್ಟು, ಅಪ್ಪನಿಗೆ ಒಗೆದ ಅಂಗಿ ಹಾಕಿಸಿ, ಕೈ ಹಿಡಿದು ಬಸ್ಸು ಹತ್ತಿಸಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೆಟ್ಟಿಲು ಬಂದಲ್ಲೆಲ್ಲ "ಹುಷಾರು, ಮೆಟ್ಟಿಲಿದೆ," ಅನ್ನುತ್ತಿದ್ದಳು. ದುರ್ಬೀನು ಬಸ್ಸಿನಲ್ಲೇ ತೀರ್ಮಾನ ಮಾಡಿದ್ದ. ದೊಡ್ಡ ಅಕ್ಷರ ಓದುವುದು, ಮಧ್ಯದಲ್ಲಿ ತಡವರಿಸುವುದು, ಕೆಳಗಿನ ಸಾಲು ಕಾಣುವುದಿಲ್ಲ ಅನ್ನುವುದು. ಒಂದು ಕನ್ನಡಕ ಹಾಕಿಕೊಂಡರೆ ಎಲ್ಲ ಮುಚ್ಚಿಹೋಗುತ್ತದೆ.

ಕತ್ತಲು ಮಾಡಿದ ಉದ್ದನೆಯ ಕೋಣೆ. ಒಂದು ಕಡೆ ಕುರ್ಚಿ, ಎದುರು ಗೋಡೆಯಲ್ಲಿ ಬೆಳಕು ಹಾಕಿದ ಅಕ್ಷರದ ಹಲಗೆ. ಪರೀಕ್ಷೆ ಮಾಡುವ ಹೆಂಗಸು ಅವನ ಒಂದು ಕಣ್ಣು ಮುಚ್ಚಿ, ಓದಿ ಅಂದಳು. ಬಾಗಿಲ ಬಳಿಯ ಸ್ಟೂಲಿನಲ್ಲಿ ಮಗಳು ಕೂತಿದ್ದಳು. ಅವನು ಮೊದಲ ಸಾಲು ಓದಿದ, ಎರಡನೆಯದು ಓದಿದ. ಮೂರನೆಯದಕ್ಕೆ ಬಂದು, ಅಂದುಕೊಂಡಂತೆ ನಿಲ್ಲಿಸಿದ.

ಮಗಳು ಎದ್ದು ಬಂದು ಆ ಹೆಂಗಸಿನ ಕಿವಿಯಲ್ಲಿ ಪಿಸುಗುಟ್ಟಿದಳು. "ಸ್ವಲ್ಪ ನಿಧಾನ ಮಾಡಿ. ಕಾಣಲ್ಲ ಅಂತ ಹೇಳೋಕೆ ಅವ್ನಿಗೆ ನಾಚಿಕೆ. ಕಣ್ಣಲ್ಲೇ ಬದುಕಿದೋನು."

ಪಿಸುಮಾತು ಅವನಿಗೂ ಕೇಳಿಸಿತು. ದುರ್ಬೀನು ಮೂರನೆಯ ಸಾಲು ಓದಿದ. ನಾಲ್ಕನೆಯದು ಓದಿದ. ಅಕ್ಷರ ಒಂದೂ ತಪ್ಪಲಿಲ್ಲ. ಕೊನೆಯ ಸಾಲನ್ನೂ ಓದಿದ. ಇನ್ನೊಂದು ಕಣ್ಣು ಮುಚ್ಚಿಸಿಕೊಂಡು ಎಲ್ಲವನ್ನೂ ಮತ್ತೆ ಓದಿದ.

"ಇವ್ರ ಕಣ್ಣಿಗೇನಾಗಿದೆ ಅಂತ ಕರ್ಕೊಂಡು ಬಂದ್ರಿ?" ಅಂದಳು ಆ ಹೆಂಗಸು ದೀಪ ಹಾಕುತ್ತ. "ನಮಗೇ ಇಂಥ ಕಣ್ಣಿಲ್ಲ."

 ವಾಪಸು ಬರುವಾಗ ಮಗಳು ಮೆಟ್ಟಿಲಿದೆ ಅನ್ನಲಿಲ್ಲ, ಕೈಯನ್ನೂ ಹಿಡಿಯಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಕೇಳಿದಳು.

"ಅವತ್ತು ಕಂಡಿತ್ತಾ?"

"ಕಂಡಿತ್ತು."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಹಾಲ್‌ನಲ್ಲಿ ಆ ಹುಡುಗಿ ಆಡಿದ ಮಾತು, ಮುಚ್ಚಿದ ಶೆಡ್ಡು, ತಲೆಗೆ ಹಾಕಿಸಿದ ಬಲೆಗಳು, ಟೋಪಿ. ಬಾಲಕ್ಕೆ ಹಾಕು ಅನ್ನಲು ಬಾಯಿ ಬರಲಿಲ್ಲ, ಯಾಕೆ ಅಂತ ನೀನು ಕೇಳಿದರೆ ಅಂತ ಹೆದರಿದೆ ಅಂದ. ಊರಿನ ಬಸ್ಸು ಬಂದು ನಿಂತು, ಇವರು ಏಳದ್ದನ್ನು ನೋಡಿ ಹೊರಟುಹೋಯಿತು. ಮಗಳು ರಸ್ತೆಯನ್ನೇ ನೋಡುತ್ತಿದ್ದಳು.

"ಬಾಲಕ್ಕೆ ಹಾಕು ಅಂದಿದ್ರೆ ಹಾಕ್ತಿದ್ದೆ ಅಪ್ಪ," ಅಂದಳು. "ಯಾಕೆ ಅಂತ ಕೇಳ್ತಾನೂ ಇರ್ಲಿಲ್ಲ."